ಹೊಡೆದಾಟದ ಫೋಲ್ಡರ್

ಯಾರ ಮೈಮೇಲೂ ನಾನು ಕೈ ಎತ್ತಿದವನಲ್ಲ. ಎತ್ತಿದರೆ ಎದುರಿನವನೂ ಎತ್ತಿಯಾನು ಎಂಬ ಹೆದರಿಕೆ ಚಿಕ್ಕಂದಿನಲ್ಲೇ ಗಟ್ಟಿಯಾಗಿ ಕೂತುಬಿಟ್ಟಿತ್ತು. ಆದರೆ ಶಹಾಪುರದ ಕಚೇರಿ ಸಾಲಿನ ಆರಡಿ ಅಗಲದ ಅಂಗಡಿಯಲ್ಲಿ ಕೂತು ಹದಿನೆಂಟು ವರ್ಷಗಳಲ್ಲಿ ನಾನು ಒಡೆದ ತಲೆಗಳೆಷ್ಟು, ಮುರಿದ ಕೈಕಾಲುಗಳೆಷ್ಟು, ಉದುರಿಸಿದ ಹಲ್ಲುಗಳೆಷ್ಟು! ಎಲ್ಲವೂ ಕಾಗದದ ಮೇಲೆ. ಅರ್ಜಿ, ಕರಾರುಪತ್ರ, ಅಫಿಡವಿಟ್ ಟೈಪು ಮಾಡಿಕೊಡುವುದು ನನ್ನ ಕಸುಬು. ಅದರಲ್ಲಿ ಅರ್ಧಕ್ಕರ್ಧ ಠಾಣೆಗೆ ಕೊಡುವ ದೂರು. ಬೆಳಿಗ್ಗೆ ಶಟರ್ ಎತ್ತುವ ಹೊತ್ತಿಗೆ ಕಟ್ಟೆಯ ಮೇಲೆ ಯಾರಾದರೊಬ್ಬರು ತಲೆಗೆ ಟವೆಲ್ ಒತ್ತಿ ಹಿಡಿದು ಕೂತಿರುತ್ತಿದ್ದರು. ಟವೆಲ್ಲಿನ ಬಣ್ಣ ನೋಡಿಯೇ ನಾನು ರಕ್ತಗಾಯವೋ ಗುಪ್ತಗಾಯವೋ ಎಂದು ತೀರ್ಮಾನಿಸುತ್ತಿದ್ದೆ. ರಕ್ತ ಹೊರಗೆ ಬಂದರೆ ರಕ್ತಗಾಯ, ಒಳಗೇ ಉಳಿದರೆ ಗುಪ್ತಗಾಯ. ಮೂರನೆಯ ಜಾತಿಯ ಗಾಯ ನಮ್ಮ ಕಸುಬಿನಲ್ಲಿಲ್ಲ.

ಇಷ್ಟೊಂದು ಹೊಡೆದಾಟವನ್ನು ಒಬ್ಬನೇ ಬರೆಯುತ್ತಿದ್ದನಲ್ಲ ಎಂದು ಯಾರೂ ಕನಿಕರಪಡಬೇಕಿಲ್ಲ. ನಾನು ಬರೆಯುತ್ತಲೇ ಇರಲಿಲ್ಲ. ನನ್ನ ಕಂಪ್ಯೂಟರಿನಲ್ಲಿ 'ಹೊಡೆದಾಟ' ಎಂಬ ಒಂದು ಫೋಲ್ಡರ್ ಇತ್ತು. ಅದರೊಳಗೆ ಬದು, ಕಾಲುವೆ, ಕುರಿ, ಅಣ್ಣತಮ್ಮ, ಹೆಂಡತಿ ಎಂದು ಹೆಸರಿಟ್ಟ ಫೈಲುಗಳು. ಬದುವಿನ ಜಗಳ ಬಂದರೆ ಬದುವಿನ ಫೈಲು ತೆರೆ. ಹಳೆಯವರ ಹೆಸರು ತೆಗೆ, ಹೊಸಬರದು ಹಾಕು. ಊರು ಬದಲಿಸು, ವಾರ ಬದಲಿಸು, ಕೈಯಲ್ಲಿದ್ದ ವಸ್ತು ಬದಲಿಸು. ಮುಗಿಯಿತು. "ಅವಾಚ್ಯ ಶಬ್ದಗಳಿಂದ ನಿಂದಿಸಿ, ತಡೆದು ನಿಲ್ಲಿಸಿ, ಹೊಡೆಬಡೆ ಮಾಡಿ, ಜೀವದ ಬೆದರಿಕೆ ಹಾಕಿದ್ದು ಇರುತ್ತದೆ" ಎಂಬುದು ಎಲ್ಲರಿಗೂ ಒಂದೇ. ಒಮ್ಮೆ ರಾಮಸಮುದ್ರದ ಇಬ್ಬರು ಬೀಗರು ಚಪ್ಪಲಿಯಲ್ಲಿ ಹೊಡೆದಾಡಿಕೊಂಡಿದ್ದರು; ಅವರಲ್ಲೊಬ್ಬ ಶಹಾಪುರದಲ್ಲಿದ್ದ ನೆಂಟನೊಬ್ಬನನ್ನು ಹಿಡಿದುಕೊಂಡು ದೂರು ಬರೆಸಲು ನನ್ನ ಬಳಿ ಬಂದ. ಹಿಂದಿನ ದೂರಿನ ಕೊಡಲಿಯನ್ನು ತೆಗೆಯಲು ನಾನು ಮರೆತಿದ್ದೆ. ಪೊಲೀಸರು ಎರಡು ದಿನ ಕೊಡಲಿ ಹುಡುಕಿದರು. ಸಿಗದಿದ್ದಾಗ, ಬಚ್ಚಿಟ್ಟಿದ್ದಾನೆಂದು ಎದುರಿನ ಬೀಗನಿಗೆ ಇನ್ನೆರಡು ಬಿದ್ದವು. ಇದನ್ನು ನಾನು ಬಹಳ ದಿನ ತಮಾಷೆಯ ಕತೆಯಾಗಿ ಹೇಳಿಕೊಂಡು ಓಡಾಡಿದೆ.

ಪ್ರತಿ ಫೈಲಿನ ಕೊನೆಯ ಸಾಲೂ ಒಂದೇ: "ಕಾರಣ ಮಾನ್ಯರು ಸದರಿಯವನನ್ನು ಠಾಣೆಗೆ ಕರೆಸಿ ತಕ್ಕ ಬುದ್ಧಿವಾದ ಹೇಳಬೇಕೆಂದು ವಿನಂತಿ." ಈ ಸಾಲು ನನ್ನ ಸ್ವಂತದ್ದು. ಕಾನೂನು ಕ್ರಮ ಜರುಗಿಸಿ ಎಂದು ಬರೆದರೆ ಕೇಸಾಗುತ್ತದೆ, ಕೇಸಾದರೆ ಬರೆದವನು ಯಾರು ಎಂದು ಕೇಳುತ್ತಾರೆ, ಕೇಳಿದರೆ ಸಾಕ್ಷಿಗೆ ಕರೆಯುತ್ತಾರೆ, ಸಾಕ್ಷಿಗೆ ಹೋದರೆ ದಾರಿಯಲ್ಲಿ ಯಾರಾದರೂ ಕಾಲು ಮುರಿಯುತ್ತಾರೆ. ಅಂಗಡಿ ತೆರೆದ ಮೊದಲ ವಾರವೇ ನಾನು ಇಷ್ಟು ದೂರ ಯೋಚಿಸಿ ಮುಗಿಸಿದ್ದೆ. ಬುದ್ಧಿವಾದಕ್ಕೆ ಯಾರೂ ಸಾಕ್ಷಿ ಕೇಳುವುದಿಲ್ಲ.

ಇಂಥ ನನಗೆ ಹೋದ ಬೇಸಿಗೆಯ ಹಿಂದಿನ ಬೇಸಿಗೆಯಲ್ಲಿ ಹೊಸದೊಂದು ಹೆದರಿಕೆ ಗಂಟುಬಿತ್ತು. ನನ್ನ ಕಂಪ್ಯೂಟರನ್ನು ನಡೆಸುತ್ತಿದ್ದ ತಂತ್ರಾಂಶ ಕಾಸು ಕೊಟ್ಟು ಕೊಂಡದ್ದಲ್ಲ, ಕಳ್ಳಪ್ರತಿ. ಯಾರೋ ಒಂದು ಸಿ.ಡಿ.ಯಿಂದ ಹಾಕಿಕೊಟ್ಟಿದ್ದು. ಪಕ್ಕದ ಜೆರಾಕ್ಸ್ ಅಂಗಡಿಯವನು ಒಂದು ದಿನ ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತು ಹೇಳಿದ:

"ಟೈಪಿಸ್ಟ್ ಸಾಹೇಬ್ರ, ಗೊತ್ತಾತೇನು? ಯಾದಗಿರಿಗೆ ರೇಡಿನವರು ಬಂದಾರಂತ. ಕಂಪ್ಯೂಟರದಾಗ ಕಳ್ಳಮಾಲು ಇದ್ದೋರ್ನ ಕಪಾಳಕ್ಕ ಹೊಡದ ಜೀಪಿನ್ಯಾಗ ಹಾಕ್ಕೊಂಡು ಹೋಗಾಕತ್ತಾರ."

"ನಿಂದೂ ಕಳ್ಳಮಾಲೇ ಅಲ್ಲೇನೋ?"

"ಅಯ್ಯ, ನಂದು ಜೆರಾಕ್ಸ್ ಮಷೀನ್. ಅದಕ್ಕೇನ್ ತಲಿ ಐತಿ, ಹಿಡಕೊಂಡು ಹೋಗಾಕ?"

ಅವನ ಬಳಿಯೂ ಒಂದು ಕಂಪ್ಯೂಟರ್ ಇತ್ತು. ಅದರ ಯೋಚನೆ ಅವನಿಗಿರಲಿಲ್ಲ. ಅವನ ಪಾಲಿನದನ್ನೂ ಸೇರಿಸಿ ನಾನೇ ಯೋಚಿಸಿದೆ. ಊಟ ಸೇರದಾಯಿತು. ರಸ್ತೆಯಲ್ಲಿ ಜೀಪಿನ ಸದ್ದಾದರೆ ಕೈ ತಾನಾಗಿ ಸ್ವಿಚ್ಚಿಗೆ ಹೋಗುತ್ತಿತ್ತು. ಹೊಡೆಯುತ್ತಾರೆಂದರೆ ಎಲ್ಲಿ ಹೊಡೆಯುತ್ತಾರೆ, ಲಾಠಿಯಿಂದಲೋ ಕೈಯಿಂದಲೋ, ಅದು ರಕ್ತಗಾಯವಾದೀತೋ ಗುಪ್ತಗಾಯವಾದೀತೋ ಎಂದು ನನ್ನದೇ ದೂರನ್ನು ಮನಸ್ಸಿನಲ್ಲಿ ಟೈಪು ಮಾಡತೊಡಗಿದೆ. ಹೆಂಡತಿ ರೊಟ್ಟಿ ಬಡಿಯುತ್ತ ಅಂದಳು: "ಅವರು ಬಂದು ಹೊಡಿಯೂತನಕ ಯಾಕ ಕಾಯ್ತೀರಿ? ನೀವ ಹೊಡಕೊಂಡು ಕುಂದರ್ರಿ, ಕೆಲಸ ಮುಗೀತದ." ಮತ್ತೆ ಆಕೆಯೇ ಭೀಮರಾಯನಗುಡಿಗೆ ಫೋನು ಮಾಡಿ ತನ್ನ ಅಕ್ಕನ ಗಂಡನನ್ನು ಕರೆಸಿದಳು.

ಈ ನನ್ನ ಷಡ್ಡಕ ಅಲ್ಲಿನ ನೀರಾವರಿ ಕ್ಯಾಂಪಿನ ಕಚೇರಿಯೊಂದರಲ್ಲಿ ನಕ್ಷೆ ಬರೆಯುವ ಕೆಲಸದವರು. ನನಗಿಂತ ಐದಾರು ವರ್ಷ ಹಿರಿಯರು. ಮದುವೆಮನೆಯಲ್ಲಿ ಎಲೆ ಮುಂದೆ ಕೂತಾಗಲೂ ಅವರು ಮಾತಾಡುವುದು ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶದ ಬಗ್ಗೆಯೇ. ಜಗತ್ತಿನ ಜನರೆಲ್ಲ ಕೂಡಿ ಬರೆದದ್ದು, ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು, ಹಂಚಬಹುದು ಎಂದು ಅವರು ಹೇಳುವಾಗ ಹೋಳಿಗೆಯ ತುಪ್ಪ ಮೊಣಕೈಗೆ ಇಳಿದಿರುತ್ತದೆ. ಭಾನುವಾರ ಬೆಳಿಗ್ಗೆ ಒಂದು ಪೆನ್ ಡ್ರೈವ್ ಕಿಸೆಯಲ್ಲಿಟ್ಟುಕೊಂಡು ಬೈಕಿನಲ್ಲಿ ಬಂದೇಬಿಟ್ಟರು.

"ಅಣ್ಣಾರ, ಪುಕ್ಕಟೆ ಅಂತೀರಿ. ಪುಕ್ಕಟೆ ಕೊಡೋರು ಒಳಗ ಏನರೆ ಇಟ್ಟಿರ್ತಾರ" ಅಂದೆ.

"ತಗದು ನೋಡು ಅಂತ ಅವರ ಹೇಳ್ಯಾರಲ್ಲೋ ತಮ್ಮಾ. ಬಚ್ಚಿಡೋರು ಹಂಗ ಹೇಳ್ತಾರೇನು?"

"ತಗದು ನೋಡಿದ್ರ ನನಗ ತಿಳೀತದೇನ್ರಿ?"

"ನಿನಗ ತಿಳ್ಯಂಗಿಲ್ಲ. ತಿಳಿಯೋರು ಸಾವಿರ ಮಂದಿ ನೋಡ್ಯಾರ. ನೀ ಸುಮ್ಮ ಕುಂದರು."

ಸುಮ್ಮನೆ ಕೂತೆ. ನನ್ನ ಫೈಲುಗಳನ್ನೆಲ್ಲ ಒಂದಕ್ಕೆ ಎರಡು ಪೆನ್ ಡ್ರೈವಿನಲ್ಲಿ ತೆಗೆದಿಟ್ಟಿದ್ದೆವು. ಆದರೂ ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಲೇ ಎಂದು ಪರದೆ ಕೇಳಿದಾಗ ಹೊರಗೆ ಹೋಗಿ ನಿಂತೆ. ಒಳಗೆ ಬರುವಷ್ಟರಲ್ಲಿ ಹದಿನೆಂಟು ವರ್ಷದ ಕಳ್ಳತನ ಅಳಿಸಿಹೋಗಿ, ಹೊಸ ಪರದೆ ಸ್ವಚ್ಛವಾಗಿ ಬೆಳಗುತ್ತಿತ್ತು. ಕೀಲಿಮಣೆಯ ಕನ್ನಡ ಮೊದಲಿನಂತೆಯೇ ಬೆರಳಿಗೆ ಸಿಕ್ಕಿತು. ರೇಡಿನವರು ಈಗ ಬರಲಿ ಎಂದುಕೊಂಡೆ. ಬದುಕಿನಲ್ಲಿ ನಾನು ಯಾರನ್ನಾದರೂ "ಬರಲಿ" ಎಂದುಕೊಂಡದ್ದು ಅದೇ ಮೊದಲು.

ಆ ಸಂತೋಷ ಹತ್ತು ನಿಮಿಷ ಬಾಳಿತು. 'ಹೊಡೆದಾಟ' ಫೋಲ್ಡರ್ ತೆರೆದೆ. ಫೈಲುಗಳೆಲ್ಲ ಇದ್ದವು, ಒಳಗೆ ಕನ್ನಡ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಕೊಂಬು, ಚುಕ್ಕಿ, ಟೋಪಿ. ಒಬ್ಬರನ್ನೊಬ್ಬರು ತುಳಿದುಕೊಂಡು ಓಡುವ ಜನರಂತೆ ಅವು ಸಾಲುಸಾಲಾಗಿ ಬಿದ್ದಿದ್ದವು. ಹಳೆಯ ಅಕ್ಷರಶೈಲಿಯಲ್ಲಿ ಟೈಪು ಮಾಡಿದ್ದು, ಹೊಸದಕ್ಕೆ ಅರ್ಥವಾಗುವುದಿಲ್ಲ ಎಂದರು ಷಡ್ಡಕರು.

"ಬದಲಿ ಮಾಡೋದು ಒಂದು ತಂತ್ರಾಂಶ ಐತಿ. ಬರೋ ಐತವಾರ ತಂದು ಎಲ್ಲಾ ಒಮ್ಮೆಲೇ ಮಾಡಿಕೊಡ್ತೀನಿ. ಪ್ರಿಂಟರಿಂದೂ ಆವಾಗ ನೋಡೋಣು."

"ಪ್ರಿಂಟರಿಂದು ಏನ್ ನೋಡೋದೈತ್ರಿ?"

"ಅದು ಇನ್ನಾ ಇದರ ಕೂಡ ಮಾತಾಡವಲ್ದು. ಒಂದ ವಾರ ಬಾಜೂದವನ ಹಂತ್ಯಾಕ ಪ್ರಿಂಟ್ ತಗಿ."

ಹೀಗಾಗಿ ಆ ವಾರ ನನ್ನ ಬಳಿ ಹೊಸ ಯಂತ್ರವಿತ್ತು, ಹಳೆಯ ಮಾತು ಒಂದೂ ಇರಲಿಲ್ಲ. ಸೋಮವಾರ, ಮಂಗಳವಾರ ಬಂದವರು ಬರೀ ಆದಾಯ ಪ್ರಮಾಣಪತ್ರದ ಅರ್ಜಿಯವರು. ಬಚಾವಾದೆ. ಬುಧವಾರ ಮಧ್ಯಾಹ್ನ ಆಕೆ ಬಂದಳು.

ದೋರನಹಳ್ಳಿ ಕಡೆಯ ಹೆಣ್ಣುಮಗಳು. ಮೂವತ್ತು ದಾಟಿರಲಿಕ್ಕಿಲ್ಲ. ತವರು ಸುರಪುರದ ಕಡೆ, ಕುರಿ ಸಾಕುವವರ ಮನೆ. ಓದು ಬರಹ ಇಲ್ಲ. ಹಿಂದೆ ಎರಡು ಸಲ ಗಂಡನ ಮೇಲೆ ದೂರು ಬರೆಸಲು ನನ್ನಲ್ಲಿಗೇ ಬಂದಿದ್ದಳು. ಎರಡೂ ಸಲ 'ಹೆಂಡತಿ' ಫೈಲು ತೆರೆದು ಕಾಲು ಗಂಟೆಯಲ್ಲಿ ಕೊಟ್ಟು ಕಳಿಸಿದ್ದೆ. ಈ ಸಲ ಎಡಗೈಯನ್ನು ಸೀರೆಯ ಸೆರಗಿನಲ್ಲಿ ಜೋಳಿಗೆ ಕಟ್ಟಿಕೊಂಡಿದ್ದಳು. ಮೊಣಕೈಯ ಕೆಳಗೆ ಕೈ ಇನ್ನೊಂದು ಕಡೆ ಬಾಗಿತ್ತು. ಅಲ್ಲಿ ಬಾಗಲು ಕೀಲಿಲ್ಲ ಎಂಬುದು ನನಗೆ ತಡವಾಗಿ ಹೊಳೆಯಿತು. ನಾನು ಕಣ್ಣು ತೆಗೆದು ಪರದೆಯ ಮೇಲಿಟ್ಟೆ.

"ದವಾಖಾನಿಗೆ ಹೋಗು ತಂಗೆವ್ವಾ ಮೊದಲ."

"ದವಾಖಾನಿಯವರು ಠಾಣೆಕ್ಕ ತಿಳಸ್ತಾರ, ಠಾಣೇದವರು ನನ್ನ ಗಂಡಗ ಫೋನ್ ಹಚ್ಚತಾರ. ಹೋದ ಸಲ ಹಂಗ ಆತ್ರಿ. ಮೊದಲ ಕಾಗದ ಬರೀರಿ. ನಮ್ಮಣ್ಣ ಸುರಪುರದಿಂದ ಮೂರರ ಬಸ್ಸಿಗೆ ಬರ್ತಾನ. ಅವನ ಕೂಡ ಹೋಗಿ ಕೊಡ್ತೀನಿ. ಈ ಸಲ ನಾ ತಿರಗಿ ಆ ಮನಿಗೆ ಹೋದ್ರ ನನ್ನ ಹೆಣಾನ ಹೊರಗ ಬರೋದು, ಅಣ್ಣಾರ."

ಗಂಡ ಮೆಣಸಿನಕಾಯಿ ಹೇರಿಕೊಂಡು ಹೋಗಿದ್ದಾನೆ, ಸಂಜೆಯ ತನಕ ಬರುವುದಿಲ್ಲ ಎಂದಳು. ಅತ್ತೆ ಫೋನು ಮಾಡಿದ್ದರೆ ಎಂದು ನಾನು ಕೇಳಲಿಲ್ಲ, ಯೋಚಿಸಿದೆ ಮಾತ್ರ. ಅಭ್ಯಾಸಬಲದಿಂದ 'ಹೆಂಡತಿ' ತೆರೆದೆ. ಕೊಂಬು, ಚುಕ್ಕಿ, ಟೋಪಿ. ಮುಚ್ಚಿದೆ. ಖಾಲಿ ಹಾಳೆಯೊಂದು ಎದುರಿಗೆ ಬಂತು. ಅದಕ್ಕೆ ಮೊದಲನೆಯ ಸಾಲು ಏನೆಂದು ನನಗೇ ಗೊತ್ತಿರಲಿಲ್ಲ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಕೇಳಿದೆ:

"ಏನಾತವ್ವ? ಮೊದಲಿಂದ ಹೇಳು."

ಆಕೆ ನನ್ನನ್ನೇ ನೋಡಿದಳು. ಇಂಥ ಪ್ರಶ್ನೆ ಈ ಅಂಗಡಿಯಲ್ಲಿ ಕೇಳುತ್ತಾರೆಂದು ಆಕೆಗೂ ತಿಳಿದಿರಲಿಲ್ಲ.

"ಸಲಿಕಿ ಎಲ್ಲೈತಿ ಅಂದ. ನೀ ಇಟ್ಟಲ್ಲೇ ಐತಿ ಅಂದೆ. ಅಷ್ಟ ಅಂದಿದ್ದು."

ಟೈಪು ಮಾಡಿದೆ.

"ಸಲಿಕಿ ತಂದ. ಬಾಗಲಾ ಹಾಕಿದ. ಅದರ ಕಟಗಿ ಕಾವಿಲೆ ಮೊದಲ ತೊಡಿಗೆ ಹೊಡದ. ಕುಂತೆ. ಬೆನ್ನಿಗೆ ಹೊಡದ. ಎಣಸಿದೆ ನಾ, ಏಳಾದವು. ಚೀರಿದೆ. ನಮ್ಮತ್ತಿ ಪಡಸಾಲ್ಯಾಗ ಇದ್ಲು. ಟೀವಿ ಆವಾಜ್ ಜಾಸ್ತಿ ಮಾಡಿದ್ಲು."

ಬೆರಳು ನಿಂತವು. "ಟೀವಿದು ಬರೀಲೇನು?"

"ಬರೀರಿ. ಅದ ಖರೇ ಐತಲ್ಲ."

ಬರೆದೆ.

"ಆಮ್ಯಾಲ ಕಾವಿಲೆ ಹೊಡ್ಯೋದು ಬಿಟ್ಟು ಸಲಿಕಿ ತಿರಿವಿ ಹಿಡದ, ಅಲಗು ಮುಂದ ಮಾಡಿ. ತಲಿಗೆ ಬೀಸಿದ್ರಿ. ಇವತ್ತ ನಿನ್ನ ಮುಗಸ್ತೀನಿ ಅಂದ. ನಾ ಕೈ ಅಡ್ಡ ತಂದೆ. ಕಟ್ ಅಂತು. ಹಸಿ ಕಟಗಿ ಮುರದಂಗಲ್ರಿ, ಒಣಾ ಕಟಗಿ ಮುರದಂಗ. ಕೈ ತರದಿದ್ರ ತಲಿಗೇ ಬೀಳತಿತ್ತು."

ನನ್ನ ಫೈಲಿನಲ್ಲಿ ಇದಕ್ಕೆ ಇದ್ದದ್ದು ಒಂದು ಸಾಲು: ಎಡಗೈಗೆ ಹೊಡೆದು ಗುಪ್ತಗಾಯ ಪಡಿಸಿದ್ದು ಇರುತ್ತದೆ. ತಲೆಗೆ ಬೀಸಿದ್ದು, ಮುಗಿಸುತ್ತೇನೆ ಅಂದದ್ದು, ಅಡ್ಡ ಬಂದ ಕೈ, ಯಾವುದಕ್ಕೂ ಅಲ್ಲಿ ಜಾಗವಿರಲಿಲ್ಲ.

"ಮೊದಲಿನ ಸಲಾನೂ ಸಲಿಕಿ ಏನವ್ವ?"

"ಇಲ್ರಿ. ಆಗ ದನ ನೀರು ಕುಡಿಯೋ ಬಾನಿಯೊಳಗ ತಲಿ ಒತ್ತಿ ಹಿಡದಿದ್ದ, ಉಸಿರು ಹೋಗೂಮಟ. ನಿಮಗ ಹೇಳಿದ್ನೆಲ್ರಿ ಆವಾಗ?"

ಹೇಳಿದ್ದಿರಬೇಕು. ಆಗಲೂ ನಾನು ಪರದೆಯನ್ನು ನೋಡುತ್ತಿದ್ದಿರಬೇಕು. ಅಲ್ಲಿ "ಕೈಯಿಂದ ಹೊಡೆಬಡೆ ಮಾಡಿ" ಎಂದು ಮೊದಲೇ ಬರೆದಿತ್ತು.

ಎರಡು ಪುಟ ಆಯಿತು. ಇನ್ನು ಕೊನೆಯ ಸಾಲು. ಅದನ್ನು ಬರೆಯಲು ನನಗೆ ಯಾವ ಫೈಲೂ ಬೇಕಿರಲಿಲ್ಲ, ಬೆರಳುಗಳೇ ಬರೆದವು. ಓದಿ ಹೇಳಿರಿ ಎಂದಳು. ಓದಿದೆ. "...ಸದರಿಯವನನ್ನು ಠಾಣೆಗೆ ಕರೆಸಿ ತಕ್ಕ ಬುದ್ಧಿವಾದ ಹೇಳಬೇಕೆಂದು ವಿನಂತಿ."

"ಅದು ಯಾರ ಮಾತ್ರಿ?"

"ಅದು... ಹಂಗ ಬರೀತಾರವ್ವ. ರಿವಾಜು."

"ಬುದ್ಧಿ ಹೇಳ್ರಿ ಅಂತ ನಾ ಯಾವಾಗ ಅಂದೆ? ಹಿಂದ ಎರಡ ಸಲಾನೂ ಇದನ್ನ ಬರದಿದ್ರೇನು?"

ನಾನು ಕೀಲಿಮಣೆಯ ಧೂಳು ಒರೆಸಿದೆ.

"ಎರಡ ಸಲಾನೂ ಅವನ್ನ ಕರಸಿದ್ರು, ಕುರ್ಚಿ ಹಾಕಿದ್ರು, ಬುದ್ಧಿ ಹೇಳಿದ್ರು, ನನ್ನ ಅವನ ಹಿಂದ ಗಾಡಿ ಮ್ಯಾಲ ಕೂಡಿಸಿ ಕಳಸಿದ್ರು. ಮನಿಗೆ ಬಂದು ಬಾಗಲಾ ಹಾಕಿ, ಬುದ್ಧಿ ಹೇಳಸ್ತಿ ಏನ ಬೋಸಡಿ ಅಂತ ಒದ್ದ. ಪೊಲೀಸರ ಯಾಕ ಹಂಗ ಮಾಡಿದ್ರು ಅಂತ ಅವರನ್ನ ಬೈಕೋತ ಇದ್ನಿ. ಅದನ್ನ ನಾನ ಬರಸಿ ಕೊಟ್ಟಿದ್ದೆ ಅಂದ್ರ!"

ಆಕೆ ಅಳಲಿಲ್ಲ. ಅತ್ತಿದ್ದರೆ ನನಗೆ ಏನಾದರೂ ಹೇಳಲು ಆಗುತ್ತಿತ್ತು. "ಅಳಸ್ರಿ ಅದನ್ನ" ಅಂದಳು. ಅಳಿಸಿದೆ. "ಕೇಸ್ ಹಾಕ್ರಿ ಅಂತ ಬರೀರಿ. ಅವನ ಮನಿಗೆ ನನ್ನ ಕಳಸಬ್ಯಾಡ್ರಿ ಅಂತ ಬರೀರಿ." ಬರೆದೆ. ಬರೆಯುವಾಗ ಕಾಲು ಮುರಿದುಕೊಂಡು ಕಾಲುವೆಯಲ್ಲಿ ಬಿದ್ದಿರುವ ನನ್ನ ಚಿತ್ರ ಕಣ್ಣ ಮುಂದೆ ಬಂದಿತ್ತೆಂಬುದನ್ನೂ ಇಲ್ಲಿ ಬರೆಯದಿದ್ದರೆ ಸುಳ್ಳಾಗುತ್ತದೆ.

ಪ್ರಿಂಟರ್ ಮಾತಾಡುವುದಿಲ್ಲವಲ್ಲ. ದೂರನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಪಕ್ಕದ ಅಂಗಡಿಗೆ ಹೋದೆ. ಜೆರಾಕ್ಸಿನವನು ಯಾರದೋ ಆಧಾರ್ ಕಾರ್ಡು ತಿರುವಿ ಹಾಕುತ್ತಿದ್ದ. "ಏನ್ರಿ, ಪುಕ್ಕಟೆ ಲಿನಕ್ಸ್ ಬಂತು, ಪ್ರಿಂಟಿಗೆ ಮಾತ್ರ ನನ್ನ ಕಾಲು ಹಿಡೀಬೇಕು" ಎಂದು ನಗಾಡಿ, ಪೆನ್ ಡ್ರೈವ್ ತನ್ನ ಯಂತ್ರಕ್ಕೆ ಚುಚ್ಚಿ ಎರಡು ಪುಟ ಕೊಟ್ಟ. ಐದು ನಿಮಿಷ ಹಿಡಿದಿರಬಹುದು.

ಹಿಂತಿರುಗಿ ಬಂದಾಗ ನನ್ನ ಅಂಗಡಿಯಲ್ಲಿ ಗಂಡಸೊಬ್ಬನ ಬೆನ್ನು ಕಂಡಿತು. ಅಂಗಿಯ ಮೇಲೆಲ್ಲ ಮೆಣಸಿನಕಾಯಿಯ ಕೆಂಪು ಧೂಳು. ಅವನ ಬಲಗೈ ಆಕೆಯ ಕೂದಲಲ್ಲಿತ್ತು. ಎಡಗೈ ಆಕೆಯ ಮುರಿದ ಕೈಯನ್ನು ಹಿಡಿದು ತಿರುವುತ್ತಿತ್ತು, ಬಟ್ಟೆ ಹಿಂಡುವ ಹಾಗೆ, ಅವಸರವಿಲ್ಲದೆ. ಆಕೆಯ ಬಾಯಿ ತೆರೆದಿತ್ತು, ಸದ್ದು ಬರುತ್ತಿರಲಿಲ್ಲ. ನಾನು ಹೊಸ್ತಿಲಲ್ಲಿ ನಿಂತೆ. ಎಷ್ಟು ಹೊತ್ತು ನಿಂತೆ ಎಂದು ಆಮೇಲೆ ಬಹಳ ಜನ ಕೇಳಿದ್ದಾರೆ. ಸರಿಯಾಗಿ ಹೇಳಲಾರೆ. ಆಕೆ ನನ್ನನ್ನು ನೋಡುವಷ್ಟು, ನೋಡಿ ಕಣ್ಣು ಬೇರೆ ಕಡೆ ತಿರುಗಿಸುವಷ್ಟು ಹೊತ್ತು ನಿಂತಿದ್ದೆ.

"ಬಿಡೋ ಆಕೀನ" ಅಂದೆ.

ಅವನು ತಿರುಗಿದ. "ನೀನ ಏನ್ ಬರಕೊಡಾಂವ?" ಅಂದವನೇ ನನ್ನ ಕೈಯಲ್ಲಿದ್ದ ಹಾಳೆಗಳನ್ನು ಕಿತ್ತುಕೊಂಡು ನಾಲ್ಕು ಮಾಡಿ ಬಾಯಿಗೆ ತುರುಕಿದ. ನನ್ನ ಬಾಯಿಗೆ. ಅದೇ ಕೈಯಿಂದ ಕಪಾಳಕ್ಕೆ ಹೊಡೆದ. ನಾನು ಮೇಜಿಗೆ ಬಡಿದು ಬಿದ್ದೆ. ನನ್ನ ಆಯುಧಜ್ಞಾನವೆಲ್ಲ ಎಲ್ಲಿಗೆ ಹೋಯಿತೋ! ಕೈಗೆ ಸಿಕ್ಕಿದ್ದು ಮೌಸ್. ಎಸೆದೆ. ಅದಕ್ಕೆ ವೈರ್ ಇತ್ತು; ಅರ್ಧ ದಾರಿಗೆ ಹೋಗಿ, ತಿರುಗಿ ಬಂದು ನನ್ನ ಮೂಗಿಗೆ ಬಡಿಯಿತು. ಅವನು ಗಿರಾಕಿಗಳು ಕೂರುವ ಕಬ್ಬಿಣದ ಸ್ಟೂಲ್ ಎತ್ತಿದ. ಮೊದಲ ಏಟಿಗೆ ಮಾನಿಟರ್ ಒಡೆದು ಗಾಜಿನ ಚೂರು ನನ್ನ ಕೊರಳಪಟ್ಟಿಯೊಳಗೆ ಇಳಿಯಿತು. ಎರಡನೆಯದು ನನ್ನ ಕಿವಿಯ ಮೇಲೆ. ರಕ್ತ ಬಿಸಿಯಾಗಿರುತ್ತದೆಂದು ನೂರಾರು ರಕ್ತಗಾಯ ಬರೆದ ನನಗೆ ಗೊತ್ತೇ ಇರಲಿಲ್ಲ. ಕಣ್ಣೊಳಗೆ ಹೋಯಿತು. ಮೂರನೆಯ ಏಟಿಗೆ ಸ್ಟೂಲ್ ಮೇಲಕ್ಕೆ ಹೋದಾಗ ಆಕೆ ಒಳ್ಳೆಯ ಕೈಯಿಂದ ಅದರ ಕಾಲು ಹಿಡಿದು ಜೋತುಬಿದ್ದಳು. ಅವನು ಆಕೆಯನ್ನು ಹೊಟ್ಟೆಗೆ ಒದ್ದ. ಆಕೆ ಬಿಡಲಿಲ್ಲ. ಇನ್ನೊಮ್ಮೆ ಒದ್ದ. ಅಷ್ಟರಲ್ಲಿ ಜೆರಾಕ್ಸಿನವನು, ಚಹಾದವನು, ಬಾಂಡ್ ಪೇಪರಿನ ಮುದುಕ ಎಲ್ಲ ಬಂದು ಅವನನ್ನು ಹೊರಗೆ ಎಳೆದುಕೊಂಡರು. ಎಳೆದುಕೊಂಡವರು ಸುಮ್ಮನಿರಲಿಲ್ಲ, ಹೊರಗಿನಿಂದ ಒದೆಯ ಸದ್ದು, ಅವನ ಕೂಗು ಕೇಳುತ್ತಿತ್ತು. ಆ ಸದ್ದು ನನಗೆ ಹಿತವಾಗಿ ಕೇಳಿತು. ಇದೂ ಹೇಳಲೇಬೇಕಾದದ್ದು.

ಆಕೆ ನೆಲದ ಮೇಲೆ ಕೂತು, ನನ್ನ ಬಾಯಿಯಿಂದ ಬಿದ್ದ ಒದ್ದೆ ಕಾಗದದ ಚೂರುಗಳನ್ನು ನೋಡುತ್ತ ಕೇಳಿದಳು: "ಮತ್ತ ಮೊದಲಿಂದ ಹೇಳಬೇಕೇನ್ರಿ?"

"ಬ್ಯಾಡವ್ವ" ಅಂದ ಜೆರಾಕ್ಸಿನವನು ಬಾಗಿಲಲ್ಲಿ ಏದುಸಿರು ಬಿಡುತ್ತ. "ಇವರ ಪೆನ್ ಡ್ರೈವ್ ನನ್ನ ಮಷೀನಿನ್ಯಾಗ ಐತಿ. ಎಷ್ಟ್ ಬೇಕು? ಹತ್ತು ತಗೀಲೇನು?"

ಮೂರರ ಬಸ್ಸಿಗೆ ಆಕೆಯ ಅಣ್ಣ ಬಂದ. ಕೂಡಿ ಠಾಣೆಗೆ ಹೋದೆವು. ನಾನು ತಲೆಗೆ ಟವೆಲ್ ಒತ್ತಿ ಹಿಡಿದಿದ್ದೆ. ಅಲ್ಲಿದ್ದ ಸಾಹೇಬರಿಗೆ ನನ್ನ ಕಾಗದಗಳ ಪರಿಚಯ ಹಳೆಯದು. ಎರಡು ಪುಟವನ್ನೂ ಒಮ್ಮೆಲೇ ತಿರುವಿ ಸೀದಾ ಕೊನೆಗೆ ಹೋದರು. ಅಲ್ಲಿ ಇರಬೇಕಾದ್ದು ಇರಲಿಲ್ಲ. ಇನ್ನೊಂದು ಪುಟ ಇದೆಯೇನೋ ಎಂದು ಹಿಂದೆ ನೋಡಿದರು.

"ಏನ್ರಿ ಇದು? ಯಾವಾಗ್ಲೂ ಬರೀತೀರಲ್ಲ, ಆ ಸಾಲು ಎಲ್ಲೈತಿ? ಕರಸಿ ಹೇಳಿ ಕಳಸ್ತೀವಿ. ಗಂಡ ಹೆಂಡ್ತಿ ಅಂದ ಮ್ಯಾಲ ಇದ್ದದ್ದ."

"ಅದು ಇಲ್ರಿ ಸಾಹೇಬ್ರ" ಅಂದಳು ಆಕೆ. "ಮೊದಲಿಂದ ಓದ್ರಿ. ಓದಾಕ ಯಾಳ್ಯಾ ಇಲ್ಲಂದ್ರ ನಾನ ಹೇಳ್ತೀನಿ." ಅವರು ಓದುವ ಮೊದಲೇ ಶುರು ಮಾಡಿದಳು: ಸಲಿಕಿ ಎಲ್ಲೈತಿ ಅಂದ, ನೀ ಇಟ್ಟಲ್ಲೇ ಐತಿ ಅಂದೆ. ಸಾಹೇಬರು ಬೆರಳಿನಿಂದ ಸಾಲು ಹಿಡಿದುಕೊಂಡು ಹೋದರು. ಮಾತು, ಕಾಗದ ಎರಡೂ ಒಂದೇ ಇದ್ದವು. ಟೀವಿಯ ಸಾಲಿಗೆ ಬಂದಾಗ ಅವರ ಬೆರಳೂ ನಿಂತಿತು. ಆಮೇಲೆ ಠಾಣೆಯ ದಫ್ತರು ಬರೆಯುವ ರೈಟರನ್ನು ಕರೆದು ಕೇಸು ದಾಖಲು ಮಾಡಲು, ಅವನನ್ನು ಹಿಡಿದು ತರಲು ಹೇಳಿದರು. ಆಕೆಯ ಮೂಳೆ ಕೂಡಿಸಲು, ನನಗೆ ಒಂಬತ್ತು ಹೊಲಿಗೆ ಹಾಕಿಸಲು ಒಂದೇ ಗಾಡಿಯಲ್ಲಿ ದವಾಖಾನೆಗೆ ಕಳಿಸಿದರು.

ಭಾನುವಾರ ಷಡ್ಡಕರು ಹಳೆಯ ಮಾನಿಟರೊಂದನ್ನು ಬೈಕಿಗೆ ಕಟ್ಟಿಕೊಂಡು ಬಂದರು. ಒಡೆದ ಗಾಜು, ನನ್ನ ತಲೆಯ ಪಟ್ಟಿ ನೋಡಿ "ಲಿನಕ್ಸ್ ಹಾಕಿದ್ದಕ್ಕ ಹಿಂಗಾತಂತ ಊರ ತುಂಬ ಹೇಳಬ್ಯಾಡಪ್ಪಾ" ಅಂದರು. ಯಂತ್ರಕ್ಕೆ ಏನೂ ಆಗಿರಲಿಲ್ಲ. ಪ್ರಿಂಟರನ್ನೂ ಮಾತಾಡಿಸಿದರು. ಹಳೆಯ ಫೈಲುಗಳು ಒಂದೊಂದಾಗಿ ಕನ್ನಡಕ್ಕೆ ತಿರುಗಿದವು: ಬಾಡಿಗೆ ಕರಾರು, ಅಫಿಡವಿಟ್, ಆದಾಯ. 'ಹೊಡೆದಾಟ'ಕ್ಕೆ ಬಂದಾಗ ತಡೆದೆ. ಧೈರ್ಯದಿಂದಲ್ಲ. ಮೂವತ್ತು ಫೈಲುಗಳ ಕೊನೆಯಲ್ಲಿ ಮೂವತ್ತು ಸಲ ಅದೇ ಸಾಲು ಕನ್ನಡವಾಗಿ ಎದ್ದು ಬರುವುದನ್ನು ನೋಡಲು ಹೆದರಿದೆ. ಅವು ಅದೇ ಕೊಂಬು, ಅದೇ ಟೋಪಿಯಲ್ಲಿ ಈಗಲೂ ಬಿದ್ದಿವೆ. ರೇಡಿನವರು ಇವತ್ತಿನವರೆಗೆ ಬಂದಿಲ್ಲ.

ತಲೆಗೆ ಬೀಸಿದ ಮಾತು ಮೊದಲ ಕಾಗದದಲ್ಲೇ ಇದ್ದದ್ದರಿಂದ ಕೊಲೆಯತ್ನದ ಕಲಂ ಸೇರಿತು. ಕೇಸು ಯಾದಗಿರಿಗೆ ಹೋಯಿತು. ನಾನು ಹದಿನೆಂಟು ವರ್ಷ ತಪ್ಪಿಸಿಕೊಂಡು ಬಂದಿದ್ದ ಸಾಕ್ಷಿಕಟ್ಟೆಗೆ ಒಂದು ಬೆಳಿಗ್ಗೆ ಹತ್ತಿ ನಿಂತೆ. ಬಸ್ಸಿನಿಂದ ಎರಡು ಸಲ ಇಳಿದು ಮೂತ್ರಕ್ಕೆ ಹೋಗಿದ್ದೆ. ಹತ್ತು ಹೆಜ್ಜೆ ಆಚೆ ಅವನು ಕೈಕಟ್ಟಿ ನಿಂತು ನನ್ನ ಮೊಣಕಾಲನ್ನೇ ನೋಡುತ್ತಿದ್ದ.

ಅವನ ವಕೀಲರು ಮೂರು ಕಾಗದ ಎತ್ತಿ ಹಿಡಿದರು. "ಈ ಮೂರೂ ದೂರು ಬರೆದವರು ನೀವೇ?"

"ಹೌದ್ರಿ."

"ಮೊದಲಿನ ಎರಡರಲ್ಲಿ ಬಾನಿ ಇಲ್ಲ, ಸಲಿಕೆ ಇಲ್ಲ, ಕೊಲ್ಲುವ ಮಾತಿಲ್ಲ. ಬುದ್ಧಿವಾದ ಹೇಳಿರಿ ಎಂದಷ್ಟೇ ಕೇಳಿದ್ದಾಳೆ. ಮೂರನೆಯದರಲ್ಲಿ ಮಾತ್ರ ಇಷ್ಟೆಲ್ಲ ಹೇಗೆ ಬಂತು? ಕಟ್ಟುಕತೆ ಯಾರದು, ನಿಮ್ಮದೋ ಆಕೆಯದೋ?"

ಆಕೆ ಗೋಡೆಯ ಬಳಿ ಕೂತಿದ್ದಳು. ಕೈ ಕೂಡಿತ್ತು, ನೆಟ್ಟಗಾಗಿರಲಿಲ್ಲ. ಮೊದಲಿನ ಎರಡೂ ನಿಜವೆಂದರೆ ಮೂರನೆಯದು ಬಿದ್ದುಹೋಗುತ್ತದೆ, ಆಕೆಯನ್ನು ಸುಳ್ಳಿಯೆಂದು ಅದೇ ಮನೆಗೆ ಅಟ್ಟುತ್ತಾರೆ ಎಂಬುದು ನನಗೆ ತಿಳಿಯಿತು. ಸುಳ್ಳೆಂದರೆ ನನ್ನ ಅಂಗಡಿ ಬಿದ್ದುಹೋಗುತ್ತದೆ ಎಂಬುದೂ ತಿಳಿಯಿತು. ನನ್ನ ತಲೆ ಎಂಥ ಹೊತ್ತಿನಲ್ಲೂ ಇಂಥದ್ದನ್ನು ತಪ್ಪದೆ ಯೋಚಿಸುತ್ತದೆ.

"ಕಟ್ಟುಕತಿ ನಂದ್ರಿ. ಮೊದಲಿನ ಎರಡು ನಂದು" ಅಂದೆ. "ಆಕಿ ಹೇಳಿದ್ದು ನಾ ಕೇಳಿಲ್ಲ, ಬರದಿಲ್ಲ. ನನ್ನ ಹಂತ್ಯಾಕ ಮೊದಲ ಬರದಿಟ್ಟಿದ್ದು ಇತ್ತು, ಅದಕ್ಕ ಆಕಿ ಹೆಸರು ಹಚ್ಚಿ ಕೊಟ್ಟೆ. ಎಲ್ಲಾರಿಗೂ ಹಂಗ ಕೊಡ್ತಿದ್ದೆ. ಮೂರನೇದ್ದು ಒಂದ ಆಕಿ ಮಾತು. ಅದೂ ನಾ ಒಳ್ಳೇಂವ ಅಂತಲ್ರಿ, ಬರದಿಟ್ಟಿದ್ದು ಕೆಟ್ಟಿತ್ತು ಅಂತ."

ಎಲ್ಲರಿಗೂ ಅಂದರೆ ಎಷ್ಟು ಜನಕ್ಕೆ ಎಂದು ನ್ಯಾಯಾಧೀಶರು ಕೇಳಿದರು. ಗೊತ್ತಿಲ್ಲ ಎಂದೆ. ಅವರು ಬಹಳ ಹೊತ್ತು ಬರೆದುಕೊಂಡರು.

ಓದುವವರು ಕೇಳಿಯೇ ಕೇಳುತ್ತಾರೆ: ಅವನಿಗೆ ಶಿಕ್ಷೆಯಾಯಿತು, ಮೇಲ್ಮನವಿ ಹೋಗಿದೆ. ಆಕೆ ಆ ಮನೆಗೆ ಹೋಗಲಿಲ್ಲ. ಸುರಪುರದ ಕಡೆ ಅಣ್ಣನ ಮಂದೆಯ ಜೊತೆಗೆ ತನ್ನವೂ ಹತ್ತು ಕುರಿ ಮಾಡಿಕೊಂಡಿದ್ದಾಳೆ. ಆದರೆ ಸಾಕ್ಷಿ ಹೇಳಿದ ದಿನ ಇದಾವುದೂ ಗೊತ್ತಿರಲಿಲ್ಲ. ನಾನು ವರಾಂಡದ ಬೆಂಚಿನಲ್ಲಿ ಕೂತಿದ್ದೆ. ಆಕೆ ಬಂದು ಎದುರಿಗೆ ನಿಂತಳು. ಉಪಕಾರವಾಯಿತು ಎನ್ನುತ್ತಾಳೆಂದು, ಅದಕ್ಕೆ ಏನು ಹೇಳಬೇಕೆಂದು ತಯಾರಾಗುತ್ತಿದ್ದೆ.

"ನನ್ನ ಮಾತು ಮೊದಲನೇ ಸಲಾನ ಕೇಳಿ ಬರಕೊಂಡಿದ್ರ, ಅಣ್ಣಾರ, ಈ ಕೈ ನೆಟ್ಟಗ ಇರತಿತ್ತು" ಅಂದಳು.

ಅಣ್ಣ ಹೊರಗಿನಿಂದ ಸುರಪುರದ ಬಸ್ಸು ಹೊರಡುತ್ತದೆ ಎಂದು ಕೂಗಿದ. ಆಕೆ ಹೋದಳು. ಹೌದು ಎಂದು ನಾನು ಅಂದೆನೋ, ಅಂದುಕೊಂಡೆನೋ ನೆನಪಿಲ್ಲ.